ಪಾತಾಳಕಿವಿ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಪಾತಾಳಕಿವಿ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ನೆಲಕ್ಕೆ ಕಿವಿಗೊಡುವುದು. ಆಳೆತ್ತರದ ಒಂದು ಕಬ್ಬಿಣದ ಕೋಲು, ಅದರ ಮೇಲ್ತುದಿಗೆ ಮರದ ಪುಟ್ಟ ಬಟ್ಟಲು. ಬೀದಿಗಳು ಏಳುವುದಕ್ಕೆ ಮುಂಚೆ ಹೋಗಿ, ಕೋಲನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಡೆದ ಕೊಳವೆ ಸುಮ್ಮನಿರುವುದಿಲ್ಲ. ಸಣ್ಣ ಬಿರುಕಾದರೆ ಸಿಳ್ಳೆ, ದೊಡ್ಡದಾದರೆ ಗುಸುಗುಸು, ಕೀಲು ಸಡಿಲವಾಗಿದ್ದರೆ ಮೂಗು ಕಟ್ಟಿದ ಮಗು ನಿದ್ದೆಯಲ್ಲಿ ಉಸಿರೆಳೆದ ಹಾಗೆ. ಅವನು ಸೀಮೆಸುಣ್ಣದಲ್ಲಿ ಗೀಟೆಳೆದ ಕಡೆ ಗುದ್ದಲಿ ಹಾಕಿದರೆ ಒಂದು ಗೇಣು ಆಚೀಚೆ ಹೋಗಬೇಕಾಗಿರಲಿಲ್ಲ. ನಿವೃತ್ತನಾದಾಗ ಕಚೇರಿಯವರು ಆ ಕೋಲನ್ನೇ ಅವನ ಕೈಗೆ ಕೊಟ್ಟು ಕಳಿಸಿದರು.

ಹೋದ ವರ್ಷ ಕಚೇರಿಯವರು ಬೀದಿಯ ಹಳೆಯ ಕೊಳವೆಯನ್ನೆಲ್ಲ ಕಿತ್ತು ಹೊಸದು ಹಾಕುತ್ತೇವೆಂದು ಹೊರಟಾಗ, ಬೀದಿಯ ಸಂಘದವರು ನೇರವಾಗಿ ಬಂದದ್ದು ಅವನ ಮನೆಗೆ. ರಸ್ತೆ ನಾಲ್ಕು ತಿಂಗಳು ಮುಚ್ಚಿದರೆ ಅಂಗಡಿಗಳ ಗತಿ ಏನು? ಅವನು ಮೂರು ದಿನ ಬೆಳಗ್ಗೆ ಕೋಲು ಊರಿಕೊಂಡು ಬೀದಿಯ ಉದ್ದಕ್ಕೂ ನಡೆದ. ಎಲ್ಲೂ ಸದ್ದಿರಲಿಲ್ಲ. "ಕೊಳವೆ ಗಟ್ಟಿಯಾಗಿದೆ" ಎಂದು ಬರೆದ ಸಂಘದ ಕಾಗದಕ್ಕೆ ರುಜು ಹಾಕಿದ. ಯೋಜನೆ ಒಂದು ವರ್ಷ ಮುಂದೆ ಹೋಯಿತು. ಬೇಕರಿಯವನು ಅವನಿಗೆ ಬನ್ನಿನ ಪೊಟ್ಟಣ ಕೊಟ್ಟು, "ಮಾವ, ನಿಮ್ಮ ಕಿವಿಗೆ ಚಿನ್ನದ ಕಡಕು ಹಾಕಿಸ್ಬೇಕು" ಎಂದ.

ಕೊಳವೆ ಗಟ್ಟಿಯಾಗಿಲ್ಲ ಎನ್ನುತ್ತಿದ್ದವಳು ಒಬ್ಬಳೇ, ಅವನ ಒಡಹುಟ್ಟಿದ ತಂಗಿ. ಅವಳ ಮನೆ ಬೀದಿಯ ತಗ್ಗಿನ ಕೊನೆಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಹಿಂದೆ ಅಡುಗೆಮನೆ. ಗಂಡ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಯಂತ್ರವೇ ಅವಳ ಸಂಸಾರ.

"ಅಣ್ಣಾ, ಅಡುಗೆಮನೆ ನೆಲದ ಕೆಳಗೆ ಏನೋ ಹರಿಯೋ ಸದ್ದು" ಎಂದು ಅವಳು ಮೊದಲು ಹೇಳಿದ್ದು ಆ ರುಜುವಿಗೂ ಮುಂಚೆ. "ಯಂತ್ರ ತುಳಿಯೋದು ನಿಲ್ಲಿಸಿದ್ರೆ ಸಾಕು, ಶುರುವಾಗತ್ತೆ. ಒಂದ್ಸಲ ಕೋಲು ತಂದು ನೋಡು."

ಅವನು ನೋಡಿದ. ಅಡುಗೆಮನೆಯ ನಾಲ್ಕು ಮೂಲೆಯಲ್ಲೂ ಕೋಲು ಊರಿದ. ನೆಲ ತುಟಿ ಬಿಚ್ಚಲಿಲ್ಲ.

"ಏನೂ ಇಲ್ಲ ಕಣೇ. ದಿನವಿಡೀ ಗಡಗಡ ತುಳೀತೀಯಲ್ಲ, ಆ ಸದ್ದೇ ಕಿವೀಲಿ ಉಳ್ಕೊಂಡಿರತ್ತೆ."

ಪಾತಾಳಕಿವಿಯೇ ಇಲ್ಲ ಎಂದ ಮೇಲೆ ಇಲ್ಲ. ಬೀದಿಗೆ ಒಂದು ತಮಾಷೆ ಸಿಕ್ಕಿತು. "ಅಕ್ಕಾ, ನಿಮ್ಮನೆ ಕೆಳಗಿನ ನದೀಲಿ ಮೀನಿದ್ರೆ ಹೇಳಿ, ಗಾಳ ತರ್ತೀನಿ" ಎಂದು ಬೇಕರಿಯವನು ರೇಗಿಸುತ್ತಿದ್ದ. ಅವಳು ಕಿವಿಯ ಡಾಕ್ಟರಿಗೆ ತೋರಿಸಿದಳು. ಕಿವಿ ಚೆನ್ನಾಗಿದೆ ಎಂದರು. ಕಿವಿ ಚೆನ್ನಾಗಿದ್ದೂ ಇಲ್ಲದ ಸದ್ದು ಕೇಳಿದರೆ ಕೆಟ್ಟಿರುವುದು ಇನ್ನೇನು? ಔಷಧಿ ಅಂಗಡಿಯವರೇ ಒಬ್ಬ ಮನಸ್ಸಿನ ಡಾಕ್ಟರ ವಿಳಾಸ ಕೊಟ್ಟರು. ಬೆಳಗ್ಗೆ ಒಂದು, ರಾತ್ರಿ ಎರಡು ಮಾತ್ರೆ. ಆ ಮಾತ್ರೆಯ ಮಬ್ಬಿನಲ್ಲಿ ಅವಳು ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ಮೇಲಿನ ಬೀದಿಯ ದರ್ಜಿಯ ಹತ್ತಿರ ಹೋಗತೊಡಗಿದರು.

ಸಂಜೆ ಮಾತ್ರ ಅವಳು ತಪ್ಪದೆ ಅಣ್ಣನ ಮನೆಗೆ ಬರುತ್ತಿದ್ದಳು. ಅಪ್ಪ ಓದುತ್ತಿದ್ದ ಹಳೆಯ ಪದ್ಯಗಳನ್ನು ಅವಳು ರಾಗವಾಗಿ ಓದಬೇಕು, ಅವನು ಕಣ್ಣು ಮುಚ್ಚಿ ಕೇಳಬೇಕು. ಅಣ್ಣತಂಗಿಯರಿಗೆ ಇದ್ದದ್ದು ಅದೊಂದೇ ಪೂಜೆ. ಚಿಕ್ಕವರಿದ್ದಾಗ ಅಪ್ಪನ ಮೊಣಕಾಲಿಗೆ ಒರಗಿ ಕೇಳಿ ಕೇಳಿಯೇ ಅವನಿಗೆ ಆ ಕಿವಿ ಬಂದದ್ದು. ಯಾವ ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಯಾವ ಅಕ್ಷರ ಮುಂದಿನ ಅಕ್ಷರವನ್ನು ಕೈಹಿಡಿದು ಕರೆಯುತ್ತದೆ ಎನ್ನುವುದು ಅವನಿಗೆ ಅರ್ಥಕ್ಕಿಂತ ಮೊದಲು ತಿಳಿದಿತ್ತು.

ಒಂದು ಸಂಜೆ ಸಾಲಿನ ಕೊನೆಗಳು ಕಾಣೆಯಾಗಿದ್ದವು. ಅಲ್ಲೊಂದು ಇಲ್ಲೊಂದು ಅಕ್ಷರ ಉದುರಿಹೋಗಿ ಪದ್ಯ ಹಲ್ಲು ಬಿದ್ದ ಬಾಯಿಯಂತಾಗಿತ್ತು.

"ಬಾಯಲ್ಲೇ ನುಂಗ್ಬೇಡ ಕಣೇ, ಗಟ್ಟಿಯಾಗಿ ಓದು."

"ಪಕ್ಕದ ಮನೆಯವರು ಕಿಟಕಿ ಹಾಕ್ಕೊಂಡ್ರು ಅಣ್ಣಾ" ಎಂದು ಅವಳು ನಕ್ಕಳು. "ಇನ್ನೆಷ್ಟು ಗಟ್ಟಿ?"

ಮಾರನೆಯ ಬೆಳಗ್ಗೆ ಅವನು ತನ್ನ ಬಚ್ಚಲಿನ ನಲ್ಲಿಯನ್ನು ದಾರದೆಳೆಯಷ್ಟು ತಿರುಗಿಸಿ, ಕೊಳವೆಗೆ ಕೋಲು ಊರಿ, ಬಟ್ಟಲಿಗೆ ಕಿವಿ ಒತ್ತಿದ. ಮೌನ. ಇನ್ನಷ್ಟು ತಿರುಗಿಸಿದ. ಮೌನ. ನಲ್ಲಿಯ ಕೆಳಗೆ ಕೈಯೊಡ್ಡಿದ. ನೀರು ಕೈತುಂಬ ಬೀಳುತ್ತಿತ್ತು. ಕೈ ಒದ್ದೆಯಾಗುತ್ತಿದ್ದಂತೆ ಅವನಿಗೆ ಹೋದ ವರ್ಷದ ಮೂರು ಬೆಳಗುಗಳು ನೆನಪಾದವು. ತಂಗಿಯ ಅಡುಗೆಮನೆಯ ನಾಲ್ಕು ಮೂಲೆಗಳೂ ನೆನಪಾದವು. ಅಲ್ಲಿ ಸುಮ್ಮನಿದ್ದದ್ದು ನೆಲವಲ್ಲ.

ಅವತ್ತೇ ಹೋಗಿ ಹೇಳಬೇಕಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದ. ಎದುರಿಗೆ ಸಿಕ್ಕ ಯಾರೋ ನಗುನಗುತ್ತಾ ಏನೋ ಕೇಳಿದರು. ಅವನು "ಹೂಂ" ಎಂದು ತಲೆಯಾಡಿಸಿ ಒಳಗೆ ಬಂದ. ದೇವರ ಮುಂದೆ ಕೂತ; ಏನೆಂದು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ. ಹೇಳಿಬಿಟ್ಟರೆ ತಾನು ಯಾರು? ಕಿವಿ ಹೋದ ಪಾತಾಳಕಿವಿ. ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆ ನಾಳೆ ನಾಳೆ ಎನ್ನುತ್ತಲೇ ಮೂರು ತಿಂಗಳಾಯಿತು. ತಂಗಿ ಸಂಜೆ ಬಂದು ಓದುತ್ತಿದ್ದಳು, ಅವನು ನೆನಪಿನಿಂದಲೇ ತುಟಿಯಾಡಿಸುತ್ತಿದ್ದ. ಅವಳು ಮಾತ್ರೆ ನುಂಗುತ್ತಿದ್ದಳು.

ಕಚೇರಿಯವರು ಮತ್ತೆ ಬಂದರು. ಪ್ರಾಥಮಿಕ ಶಾಲೆಯ ದೊಡ್ಡ ಕೋಣೆಯಲ್ಲಿ ಬೀದಿಯ ಸಭೆ ಸೇರಿತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಚಿಕ್ಕ ವಯಸ್ಸಿನ ಇಂಜಿನಿಯರಮ್ಮ ಕರಿಹಲಗೆಯ ಮೇಲೆ ನಕ್ಷೆ ಅಂಟಿಸಿದಳು. ಪಾತಾಳಕಿವಿ ಮೊದಲ ಬೆಂಚಿನಲ್ಲಿ ಕೂತ. ಎಲ್ಲರೂ ಗೌರವಕ್ಕೆ ಅಂದುಕೊಂಡರು. ಅವನಿಗೆ ಬೇಕಾಗಿದ್ದದ್ದು ಮಾತಾಡುವವರ ತುಟಿಗಳು.

"ಅರವತ್ತು ವರ್ಷದ ಕೊಳವೆ" ಎಂದಳು ಇಂಜಿನಿಯರಮ್ಮ. "ಮೇಲಿಂದ ನಾವು ಬಿಡೋ ನೀರಿನಲ್ಲಿ ಮೂರನೇ ಒಂದು ಪಾಲು ಕೆಳಗೆ ತಲುಪ್ತಾನೇ ಇಲ್ಲ. ಎಲ್ಲೋ ಮಣ್ಣಿಗೆ ಹೋಗ್ತಿದೆ. ನಾಲ್ಕು ತಿಂಗಳು ಸಹಿಸ್ಕೊಂಡ್ರೆ..."

"ನಾಲ್ಕಾ?" ಬೇಕರಿಯವನು ಎದ್ದ. "ಹೋದ ಸಲ ಕೇಬಲ್ಲಿಗೆ ಅಂತ ಅಗೆದ್ರಲ್ಲ, ಆಗ್ಲೂ ಒಂದು ವಾರ ಅಂದಿದ್ರಿ. ನನ್ನ ಬನ್ನಿನಲ್ಲಿ ದ್ರಾಕ್ಷಿ ಯಾವುದು, ಜಲ್ಲಿ ಯಾವುದು ಅಂತ ಗಿರಾಕಿಗಳು ಹಲ್ಲಲ್ಲಿ ಕಂಡುಹಿಡಿದ್ರು."

ಸಭೆ ಗೊಳ್ಳೆಂದಿತು. ನಗುವ ಬಾಯಿಗಳನ್ನು ನೋಡಿ ಪಾತಾಳಕಿವಿಯೂ ನಕ್ಕ.

"ಮಗಳಿಗೆ ಒಂಬತ್ತು ತುಂಬ್ತಾ ಇದೆ. ನೋವು ಬಂದ್ರೆ ಗಾಡಿ ಮನೆವರೆಗೆ ಬರ್ಬೇಡ್ವಾ?" ಎಂದಳು ಹಿಂದಿನ ಬೆಂಚಿನ ಒಬ್ಬಾಕೆ.

"ನಿಮ್ಗೆ ಅಗೆಯೋಕೆ ಇರೋ ಉತ್ಸಾಹ ಮುಚ್ಚೋಕೆ ಇರಲ್ಲ ಕಣಮ್ಮ" ಎಂದ ಇನ್ನೊಬ್ಬ.

ಸಂಘದ ಅಧ್ಯಕ್ಷರಾದ ಔಷಧಿ ಅಂಗಡಿಯವರು ಕೈಯೆತ್ತಿ ಗದ್ದಲ ನಿಲ್ಲಿಸಿದರು. "ಕೆಳಗಿನ ಮನೆಯವರೊಬ್ರು ಸದ್ದು ಕೇಳ್ತಿದೆ ಅಂತ ಅರ್ಜಿ ಕೊಟ್ಟಿದ್ರು. ಅವ್ರ ಮಾತೂ ಕೇಳಿಬಿಡೋಣ. ಹೇಳಿ ಅಕ್ಕ."

ತಂಗಿ ಎದ್ದು ನಿಂತಳು. ಅವಳ ಸೆರಗಿನಲ್ಲಿ ಎರಡು ಗುಂಡುಸೂಜಿ ಚುಚ್ಚಿಕೊಂಡೇ ಇದ್ದವು. ಅಣ್ಣ ತಿರುಗಿ ಅವಳ ಮುಖವನ್ನೇ ನೋಡಿದ.

"ಕೊಟ್ಟಿದ್ದೆ" ಎಂದಳು. "ವಾಪಸ್ ತಗೋತೀನಿ. ಅಣ್ಣ ನೋಡಿ ಇಲ್ಲ ಅಂದಿದಾನೆ. ಅಣ್ಣನ ಕಿವಿಗಿಂತ ನನ್ನ ಕಿವಿ ದೊಡ್ಡದಾ? ಸದ್ದು ನನ್ನ ತಲೇಲೇ ಇರ್ಬೇಕು. ಮಾತ್ರೆ ತಗೋತಿದೀನಿ. ಅದಕ್ಕೋಸ್ಕರ ನಿಮ್ಮ ಅಂಗಡಿಗಳೆಲ್ಲ ಯಾಕೆ ಮುಚ್ಬೇಕು."

ಅಷ್ಟು ಹೇಳಿ ಕೂತಳು. ಯಾರೂ ನಗಲಿಲ್ಲ. ಪಾತಾಳಕಿವಿ ಬೆಂಚಿಗೆ ಕೈಯೂರಿದ. ಅವನು ಎದ್ದ.

"ಇರೋದು ಅವಳ ತಲೇಲಲ್ಲ" ಎಂದ. ತನ್ನ ದನಿ ಎಷ್ಟು ಗಟ್ಟಿಯಾಗಿದೆಯೆಂದು ಅವನಿಗೇ ತಿಳಿಯಲಿಲ್ಲ, ಮುಂದಿದ್ದವರು ಬೆಚ್ಚಿದರು. "ನನ್ನ ಕಿವಿ ಹೋಗಿದೆ. ಹೋದ ವರ್ಷವೇ ಹೋಗಿತ್ತು. ನನಗೆ ಕೇಳಿಸಲಿಲ್ಲ ಅಷ್ಟೇ, ಸದ್ದು ಇಲ್ಲ ಅಂತಲ್ಲ. ಆ ಕಾಗದ ಸುಳ್ಳು. ನನ್ನ ತಂಗಿ ಹೇಳಿದ್ದೇ ನಿಜ. ಅಗೀಲಿ ಅವರು, ದಯವಿಟ್ಟು."

ಆಮೇಲೆ ಬೇಕರಿಯವನು ಪಕ್ಕದವನ ಕಡೆ ವಾಲಿ ಏನೋ ಅಂದ. ಅಧ್ಯಕ್ಷರು ಬಂದು ಅವನ ಭುಜದ ಮೇಲೆ ಕೈಯಿಟ್ಟರು.

"ಯಜಮಾನ್ರೇ, ಕೂತ್ಕೊಳ್ಳಿ. ತಂಗಿ ನೊಂದ್ಕೊಂಡ್ಲು ಅಂತ ಇಷ್ಟು ದೊಡ್ಡ ಮಾತು ಹೇಳ್ಬಾರ್ದು. ಈಗ ಇಷ್ಟು ಹೊತ್ತು ಎಲ್ಲರ ಮಾತೂ ಕೇಳ್ತಾನೇ ಇದ್ರಲ್ಲ."

"ತುಟಿ ನೋಡ್ತಿದ್ದೆ."

"ಜೋಕಿಗೆ ನಕ್ಕರಲ್ಲ ಮಾವ!" ಎಂದ ಬೇಕರಿಯವನು, ತಪ್ಪು ಹಿಡಿದ ಖುಷಿಯಲ್ಲಲ್ಲ, ಸಮಾಧಾನ ಮಾಡುವವನ ಹಾಗೆ. "ನಮ್ಗೂ ಅರ್ಥವಾಗತ್ತೆ. ಒಡಹುಟ್ಟಿದೋಳು ಅಂದ್ರೆ ಸುಮ್ನೇನಾ?"

ಅವನು ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಅವರ ಮುಖಗಳು ಮೃದುವಾದವು. ಮೂವತ್ತೆಂಟು ವರ್ಷ ಒಂದು ಗೇಣೂ ತಪ್ಪದ ಮಾತು ಇವತ್ತು ಮೊದಲ ಸಲ ಯಾರಿಗೂ ಬೇಡವಾಗಿತ್ತು. ಕೈಯೆತ್ತಿ ಎಂದಾಗ ಅಗೆಯುವುದು ಬೇಡವೆಂದು ಅರವತ್ತೊಂದು ಕೈ ಎದ್ದವು, ಬೇಕೆಂದು ಒಂಬತ್ತು. ತಂಗಿ ಯಾವುದಕ್ಕೂ ಕೈಯೆತ್ತಲಿಲ್ಲ. ಅವಳು ಅಣ್ಣನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಮೊದಲು ಬೆಳಕಿತ್ತು. ಆಮೇಲೆ, ಅವಳು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿದ್ದ ಹಾಗೆ, ಅದು ನಿಧಾನವಾಗಿ ಆರಿತು.

ನಕ್ಷೆ ಸುತ್ತಿಕೊಳ್ಳುತ್ತಿದ್ದ ಇಂಜಿನಿಯರಮ್ಮ ಹತ್ತಿರ ಬಂದು, ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದಳು: "ನಾನು ನಂಬ್ತೀನಿ. ಬರೆದು ಕೊಡಿ, ಮೇಲಿನವರಿಗೆ ಕಳಿಸ್ತೀನಿ." ಅವನು ಅಲ್ಲೇ ಬರೆದು ಕೊಟ್ಟ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಆ ದಿನಗಳಲ್ಲಿ ತಂಗಿ ಸಂಜೆ ಓದಲು ಬರಲಿಲ್ಲ. ಅವನೇ ಎರಡು ಸಲ ಅವಳ ಬಾಗಿಲವರೆಗೆ ಹೋಗಿ, ಒಳಗೆ ಯಂತ್ರದ ಚಕ್ರ ತಿರುಗುವುದನ್ನು ಕಿಟಕಿಯಿಂದ ಕಂಡು, ವಾಪಸು ಬಂದ.

ಹತ್ತೊಂಬತ್ತನೆಯ ದಿನ ಅವಳ ಅಡುಗೆಮನೆಯ ನೆಲ ಒಲೆಯ ಸಮೇತ ಎರಡಾಳು ಆಳಕ್ಕೆ ಕುಸಿಯಿತು. ಅವಳು ಮುಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು, ಹಾಗಾಗಿ ಉಳಿದಳು. ಕುಸಿದ ಹಳ್ಳದೊಳಗೆ ನೀರು ಹರಿಯುತ್ತಿತ್ತು. ಇಡೀ ಬೀದಿ ಅಂಚಿನಲ್ಲಿ ನಿಂತು ನೋಡಿತು. ಬೇಕರಿಯವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದ. ಇಂಜಿನಿಯರಮ್ಮ ಬಂದು ಪರೀಕ್ಷಿಸಿ, ತಳಪಾಯದ ಮಣ್ಣೆಲ್ಲ ವರ್ಷದಿಂದ ಕೊಚ್ಚಿಹೋಗಿದೆ, ಹೋದ ವರ್ಷವೇ ಕೊಳವೆ ಬದಲಾಯಿಸಿದ್ದರೆ ಮನೆ ಉಳಿಯುತ್ತಿತ್ತು, ಇನ್ನು ಕೆಡವಲೇಬೇಕು ಎಂದಳು. ಎರಡು ದಿನದ ಗಡುವು ಕೊಟ್ಟು ಬಾಗಿಲಿಗೆ ನೋಟೀಸು ಅಂಟಿಸಿದರು.

ಅವನು ಹೋದಾಗ ಅವಳು ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಇನ್ನೊಂದು ಬಡಾವಣೆಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಕಡೆ, ಗಂಡನ ಅಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತ್ತು.

"ನನ್ನ ಮನೆ ಇದೆಯಲ್ಲೇ" ಎಂದ.

ಅವಳು ಗಂಟು ಬಿಟ್ಟು ಅವನ ಎದುರಿಗೆ ಬಂದು ನಿಂತಳು. ಅವನಿಗೆ ಕಾಣುವ ಹಾಗೆ ನಿಧಾನವಾಗಿ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತಿತ್ತು?"

ಅವನಿಗೆ ಸುಳ್ಳು ಸಿಗಲಿಲ್ಲ. "ಸಭೆಗೆ ಮೂರು ತಿಂಗಳು ಮುಂಚಿನಿಂದ."

"ನಿನ್ನ ಕಿವಿ ಹೋದದ್ದಕ್ಕೆ ನಾನೇನೂ ಅನ್ನಲ್ಲ ಅಣ್ಣಾ. ದೇವರು ಕೊಟ್ಟಿದ್ದ, ತಗೊಂಡ. ಆ ಮೂರು ತಿಂಗಳು ದಿನಾ ಸಂಜೆ ನಾನು ನಿನ್ನ ಮುಂದೆ ಕೂತಿದ್ದೆ. ನನಗೆ ಹುಚ್ಚು ಹಿಡೀತಿದೆಯಾ ಅಂತ ನಿನ್ನನ್ನೇ ಕೇಳ್ತಿದ್ದೆ. ಏನಂದೆ ನೀನು?"

ಅವಳು ಹಾಗೆ ಕೇಳಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಕೇಳಿಸದ ಎಲ್ಲದಕ್ಕೂ ಅವನು ಅಂದದ್ದು ಒಂದೇ ಮಾತು.

"ಹೂಂ ಅಂದೆ" ಎಂದಳು ಅವಳೇ. "ನಿನ್ನ ಮನೇಲಿ ಹೇಗಿರ್ಲಿ? ನಾನು ಏನಂದ್ರೂ ಹೂಂ ಅಂತೀಯ."

ಮತ್ತೆ ಹೋಗಿ ಗಂಟಿನ ಮುಂದೆ ಕೂತಳು, ಅವನಿಗೆ ಬೆನ್ನು ಹಾಕಿ. ಹೊರಗೆ ಅಗೆಯುವ ಯಂತ್ರ ಬಂದಿರಬೇಕು. ಕಿಟಕಿಯ ಗಾಜು ಅದುರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಏರಿಳಿಯಿತು, ಕತ್ತಿನ ನರ ಮಿಡಿಯಿತು. ಅವಳು ಏನೋ ಹೇಳುತ್ತಿದ್ದಳು. ಗೋಡೆಗೆ ಮುಖ ಮಾಡಿ, ಉದ್ದಕ್ಕೆ, ಪದ್ಯ ಓದುವಾಗ ಉಸಿರು ತೆಗೆಯುವ ಹಾಗೆ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ಅವನ ಬಾಯಿಗೆ ಅಭ್ಯಾಸದ "ಹೂಂ" ಬಂದಿತ್ತು. ಅದನ್ನು ನುಂಗಿಕೊಂಡ.

"ಕೇಳಿಸ್ಲಿಲ್ಲ ಕಣೇ" ಎಂದ. ಎದುರಿನವರ ಮಾತಿಗೆ ಹೂಂ ಅನ್ನದೆ ಅವನು ಹಾಗೆ ಹೇಳಿದ್ದು ಅದೇ ಮೊದಲು. "ಇನ್ನೊಂದ್ಸಲ ಹೇಳು."

ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಎತ್ತಿಕೊಳ್ಳುವ ಶಕ್ತಿ ತನ್ನಲ್ಲಿದೆಯೇ ಎಂದು ನೋಡಿಕೊಳ್ಳುವವಳ ಹಾಗೆ.

"ಏನಿಲ್ಲ ಬಿಡಣ್ಣ" ಎಂದಳು.

ಆಮೇಲೆ ಇಬ್ಬರೂ ಸೇರಿ ಹೊಲಿಗೆ ಯಂತ್ರವನ್ನು ಎತ್ತಿದರು. ಹೊಸ್ತಿಲ ಹತ್ತಿರ ಅವಳು ತಲೆಯಲ್ಲೇ ಸನ್ನೆ ಮಾಡಿ ಅವನನ್ನು ಮೊದಲು ದಾಟಲು ಬಿಟ್ಟಳು.