ಹಿಂದಿನ ಗಾಲಿಗಳ ಬೀಗ

ಬೆಳ್ಳುಳ್ಳಿ ಹಳಸಿದ ಹಾಗೆ, ಅದಕ್ಕೆ ಯಾರೋ ಸುಟ್ಟ ರಬ್ಬರು ಬೆರೆಸಿದ ಹಾಗೆ ವಾಸನೆ, ಜೀಪಿನ ಹೊಟ್ಟೆಯಿಂದ ಕರ್ರಗಿನ ಎಣ್ಣೆ ನೂಲು ನೂಲಾಗಿ ಬಾಣಲೆಗೆ ಇಳಿಯುತ್ತಿದೆ, ಥೂ, ಮೂಗಿಗೆ ಕರ್ಚೀಫು ಒತ್ತಿಕೊಂಡರೂ ನಾಲಿಗೆಗೇ ಹತ್ತುತ್ತದೆ, ಕುರ್ಚಿಯ ಕೈಗೆ ಗ್ರೀಸು, ಕೊಟ್ಟ ಚಹಾದ ಲೋಟದ ಅಂಚಿಗೂ ಗ್ರೀಸು, ಈ ಗ್ಯಾರೇಜಿನವನನ್ನು ಎಲ್ಲರೂ ಗ್ರೀಸಣ್ಣ ಅನ್ನುವುದು ಸುಮ್ಮನೆ ಅಲ್ಲ. ಎಣ್ಣೆ ಬದಲಾಯಿಸ್ತಾನೆ, ಮುಂದಿನ ಆಕ್ಸಲಿಗೆ ಏನೋ ಸ್ವಲ್ಪ ಕೆಲಸ ಇದೆ, ಬಿಟ್ಟು ಬಾ ಎಂದು ಇವರು ಬೆಳಿಗ್ಗೆ ಹೇಳಿದ್ದರು, ಬಿಟ್ಟು ಹೋಗೋಣ ಎಂದರೆ ನನ್ನ ಕಾಲೇ ಆ ಗಾಡಿ, ಕಲ್ಲುಕ್ವಾರಿಯ ಗುಡ್ಡದ ಮೇಲೆ ದರ್ಜಿ ಅಜ್ಜನ ಮಂಡಿ ನನಗಾಗಿ ಕಾಯುತ್ತಿದೆ, ಮನೆ ಮನೆಗೆ ಹೋಗಿ ಕೈಕಾಲು ಮಡಚಿಸುವ ಫಿಸಿಯೋ ನಾನು, ಆ ಗುಡ್ಡಕ್ಕೆ ಬೇರೇನೂ ಹತ್ತುವುದಿಲ್ಲ — ಮೇಡಂ, ಗಾಡಿಯ ಕೆಳಗಿನಿಂದ ಗ್ರೀಸಣ್ಣನ ದನಿ, ಮುಂದಕ್ಕೂ ಹಿಂದಿನ ಥರದ್ದೇ ಹಾಕೋದಾ? ಹಿಂದೆ ಏನಿದೆ ಎಂದೆ. ಲಾಕರ್ರು ಮೇಡಂ, ಮಳೆಗಾಲಕ್ಕೆ ಮುಂಚೆ ನಾನೇ ಕೂರಿಸಿದ್ನಲ್ಲ, ಸಾಹೇಬ್ರು ಹೇಳಿರ್ಲಿಲ್ವಾ?

ಇಲ್ಲ, ಹೇಳಿರಲಿಲ್ಲ, ಇವರು ಹೇಳಿದ್ದು ಬ್ರೇಕ್ ನೋಡಿಸ್ಕೊಂಡು ಬರ್ತೀನಿ ಅಂತ, ಹೋದ ಭಾನುವಾರ, ಅಲ್ಲ, ಅದು ಬೇರೆ ಭಾನುವಾರ, ಗೆಳೆಯರ ದಂಡು ಕಟ್ಟಿಕೊಂಡು ಹೊಳೆಯ ಪಾತ್ರಕ್ಕೆ ಗಾಡಿ ಇಳಿಸಿ, ಕೆಸರು ಹಾರಿಸಿ, ಅದರ ವಿಡಿಯೋ ನೋಡಿ ತಾವೇ ಕೇಕೆ ಹಾಕುವ ಭಾನುವಾರಗಳು, ಸೋಮವಾರ ಸೀಟಿನ ಸಂದಿಯಲ್ಲಿ ಒಣಗಿದ ಕೆಸರು, ಬಿಯರಿನ ವಾಸನೆ, ತೊಳೆಯುವವಳು ನಾನು, ಓಡಿಸುವವಳು ನಾನು. ಏನದು ಲಾಕರ್ ಅಂದರೆ, ಕೇಳಿದೆ, ಗ್ರೀಸಣ್ಣ ಹೊರಳಿ ಹೊರಗೆ ಬಂದು ಎರಡು ಅಂಗೈ ತೋರಿಸಿದ, ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ಓಡ್ಬೇಕು, ಒಳಗಿಂದು ಕಮ್ಮಿ, ಆಕ್ಸಲ್ ಮಧ್ಯೆ ಇರೋ ಗೇರಿನ ಗುಂಡು ಅದಕ್ಕೆ ಬಿಟ್ಟುಕೊಡತ್ತೆ, ಆದ್ರೆ ಕೆಸರಲ್ಲಿ ಒಂದು ಗಾಲಿ ಸುಮ್ನೆ ಗರಗರ ತಿರುಗಿ ಇನ್ನೊಂದು ನಿಂತೇ ಬಿಡತ್ತೆ, ಅದಕ್ಕೇ ಎರಡನ್ನೂ ಸೇರಿಸಿ ಬೀಗ ಹಾಕೋದು, ಇದು ಆಟೊಮ್ಯಾಟಿಕ್ಕು, ಆಕ್ಸಿಲರೇಟರ್ ತುಳಿದ್ರೆ ತಾನೇ ಹಿಡ್ಕೊಳತ್ತೆ, ಕಾಲು ತೆಗೆದು ತಿರುಗಿಸಿದ್ರೆ ಟಕಟಕ ಅಂತ ತಾನೇ ಬಿಡತ್ತೆ. ಟಕಟಕ! ಅಯ್ಯೋ, ಆ ಟಕಟಕ, ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ತಿರುಗಿಸುವಾಗೆಲ್ಲ ಹಿಂದಿನಿಂದ ಯಾರೋ ಬೆರಳ ನೆಟಿಕೆ ಮುರಿದ ಹಾಗೆ, ರೀ, ಹಿಂದ್ಗಡೆ ಏನೋ ಸದ್ದು ಬರ್ತಿದೆ ನೋಡ್ರೀ ಎಂದಿದ್ದೆ, ಹಳೇ ಗಾಡಿ ಕಣೇ, ನಿನ್ನ ಮೊಣಕಾಲೂ ಸದ್ದು ಮಾಡಲ್ವಾ ಎಂದು ನಕ್ಕಿದ್ದರು, ನಾನೂ ನಕ್ಕಿದ್ದೆ, ಛೀ, ನಾನೂ ನಕ್ಕಿದ್ದೆನಲ್ಲ. ಟಾರಿನ ಮೇಲೆ ಇದು ಹುಷಾರು ಮೇಡಂ, ಗ್ರೀಸಣ್ಣ ಬಟ್ಟೆಯಲ್ಲಿ ಕೈ ಒರೆಸುತ್ತ ಹೇಳುತ್ತಲೇ ಇದ್ದಾನೆ, ಗಿಡ್ಡ ಗಾಡಿ, ಒದ್ದೆ ರೋಡಲ್ಲಿ ತಿರುವಲ್ಲಿ ತುಳಿದ್ರೆ ಎರಡೂ ಗಾಲಿ ಒಟ್ಟಿಗೆ ಜಾರಿ ಹಿಂಭಾಗ ಹೊರಗೆ ಎಸೆಯತ್ತೆ, ಸಾಹೇಬ್ರಿಗೆ ಆವತ್ತೇ ಹೇಳಿದ್ದೆ, ಮನೇಲಿ ಓಡ್ಸೋರಿಗೆ ತಿಳಿಸ್ಬಿಡಿ ಅಂತ.

ಹಿಂಭಾಗ ಹೊರಗೆ ಎಸೆಯತ್ತೆ. ಎಸೆಯಿತು. ಈ ಮಳೆಗಾಲದ ಶುರು, ಬಸ್ ಡಿಪೋದ ತಿರುವು, ಸಣ್ಣ ಜಿಟಿಜಿಟಿ, ವೈಪರು ಕಿರ್ ಎನ್ನುತ್ತಿದೆ, ಪಕ್ಕದಲ್ಲಿ ಮಗಳು ಪುಟ್ಟಿ ಮಗ್ಗಿ ಒಪ್ಪಿಸುತ್ತಿದ್ದಾಳೆ, ನಾನು ವೇಗವಾಗಿ ಹೋಗುತ್ತಿರಲಿಲ್ಲ, ಸತ್ಯವಾಗಿ ಇಲ್ಲ, ತಿರುವಿನ ಮಧ್ಯೆ ಕಾಲು ಒಂದಿಷ್ಟು ಒತ್ತಿದೆ ಅಷ್ಟೇ, ಮತ್ತೆ ರಸ್ತೆ ಕಿಟಕಿಯಲ್ಲಿ ಅಡ್ಡಡ್ಡ ಓಡಿತು, ಡಿಪೋದ ಗೋಡೆ, ಪುಟ್ಟಿಯ ಬಾಯಲ್ಲಿ ಮಗ್ಗಿ ಅರ್ಧಕ್ಕೇ ನಿಂತು, ಆಮೇಲೆ ಅವಳ ಮಣಿಕಟ್ಟು, ಅದು ಇರಬಾರದ ಕೋನದಲ್ಲಿ, ಎಷ್ಟು ಜನರ ಮಣಿಕಟ್ಟು ಹಿಡಿದ ಕೈ ನನ್ನದು, ಅದನ್ನು ಮುಟ್ಟಲಾರದೆ ಸ್ಟೇರಿಂಗನ್ನೇ ಹಿಡಿದು ಕೂತಿದೆ. ಹೆಂಗಸರಿಗೆ ಅಷ್ಟು ದೊಡ್ಡ ಗಾಡಿ ಯಾಕೆ ಬೇಕಮ್ಮ, ಅತ್ತೆ ಅಡುಗೆಮನೆಯಿಂದ, ಇವರು ಅಲ್ಲೇ ಕೂತು ಪೇಪರು ಓದುತ್ತಿದ್ದರು, ಇರ್ಲಿ ಬಿಡಮ್ಮ, ಎಲ್ಲರ ಕೈಲೂ ತಪ್ಪಾಗತ್ತೆ ಎಂದರು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು ನನ್ನನ್ನು! ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ್ದು ಕೇಳಿದ್ದೇನೆ, ಒರೆಸಿದ ಮೇಲೆ ಆ ಮೇಕೆಯ ಬೆನ್ನು ಸವರಿ ಸಮಾಧಾನ ಹೇಳುವ ಕೋತಿಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಇವರು — ಇನ್ನೇನು ಇವರು, ಇವನು — ಇವನಿಗೆ ಗೊತ್ತಿತ್ತು, ಆಸ್ಪತ್ರೆಯ ಕಾರಿಡಾರಿನಲ್ಲಿ ಗೊತ್ತಿತ್ತು, ಅಮ್ಮ ಓಡಿಸಿದ್ರೆ ನಾನು ಕೂರಲ್ಲ ಎಂದು ಪುಟ್ಟಿ ಶಾಲೆಯ ವ್ಯಾನು ಹತ್ತಿದ ದಿನ ಗೊತ್ತಿತ್ತು, ನಾನು ದಿನಾ ಸಂಜೆ ಆ ಬಡಕಲು ಮಣಿಕಟ್ಟು ತಿರುಗಿಸುತ್ತ ಮನಸ್ಸಿನಲ್ಲೇ ಅವಳ ಕಾಲಿಗೆ ಬೀಳುವಾಗಲೂ ಗೊತ್ತಿತ್ತು. ಪ್ಲಾಸ್ಟರು ಇನ್ನೂ ಹಸಿಯಾಗಿದ್ದಾಗ ಸ್ಕೆಚ್‌ಪೆನ್ನು ತಂದು, ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಮಗಳ ಕೈಯ ಬಿಳಿ ಪ್ಲಾಸ್ಟರಿನ ಮೇಲೆ ಜೀಪಿನ ಚಿತ್ರ ಬಿಡಿಸಿದ, ಕೆಳಗೆ ಬರೆದ, ಅಮ್ಮನ ಡ್ರೈವಿಂಗ್. ಎಲ್ಲರೂ ನಕ್ಕರು. ಪುಟ್ಟಿ ಕೂಡ.

ಕರ್ಚೀಫು ಮೂಗಿನಿಂದ ತೆಗೆದೆ, ಎಣ್ಣೆಯ ವಾಸನೆಯಾದರೂ ತಾನೇನು ಎಂದು ಹೇಳಿಕೊಳ್ಳುತ್ತದೆ. ಮೇಡಂ, ಏನು ಮಾಡ್ಲಿ, ಮುಂದಕ್ಕೂ ಆಟೊಮ್ಯಾಟಿಕ್ ಹಾಕಿದ್ರೆ ಸ್ಟೇರಿಂಗು ಕೈಯಿಂದ ಕಿತ್ಕೊಳತ್ತೆ, ದಿನಾ ಓಡ್ಸೋ ಗಾಡಿಗೆ ನಾನಂತೂ ಬೇಡ ಅಂತೀನಿ. ಬೇರೆ ಏನಿದೆ? ಪ್ಲೇಟಿನದು ಇದೆ, ಮೆತ್ತಗೆ ಹಿಡಿಯತ್ತೆ, ಆದ್ರೆ ಗಾಲಿ ಪೂರ್ತಿ ಮೇಲೆ ಎದ್ರೆ ಅಷ್ಟಾಗಿ ಎಳೆಯಲ್ಲ, ಇಲ್ಲಾಂದ್ರೆ ಸ್ವಿಚ್ಚಿಂದು, ಡ್ಯಾಶ್‌ಬೋರ್ಡಲ್ಲಿ ಗುಂಡಿ, ಒತ್ತಿದ್ರೆ ಮಾತ್ರ ಬೀಗ, ಒತ್ತದಿದ್ರೆ ಮಾಮೂಲಿ ಗಾಡಿ. ಕ್ವಾರಿಯ ಆ ಕೊನೆಯ ಏರು ನೆನಪಾಯಿತು, ಒಂದು ಗಾಲಿ ಗಾಳಿಯಲ್ಲಿ ತೂಗುವ ಜಾಗ, ಅಲ್ಲಿಗೆ ಬೀಗ ಬೇಕು, ಡಿಪೋದ ತಿರುವಿಗೆ ಬೇಡ, ಯಾವಾಗ ಬೇಕು ಯಾವಾಗ ಬೇಡ ಎನ್ನುವುದು ನನ್ನ ಬೆರಳಿಗೆ ಗೊತ್ತಿರಬೇಕು. ಹಿಂದಕ್ಕೆ ಸ್ವಿಚ್ಚಿಂದು ಹಾಕಿ, ಮುಂದಿನದನ್ನ ಮುಟ್ಟಲೇ ಬೇಡಿ, ಎಂದೆ. ಸಾಹೇಬ್ರು — ಗಾಡಿ ಓಡ್ಸೋದು ನಾನು ಗ್ರೀಸಣ್ಣ. ಅವನು ತಲೆ ಕೆರೆದುಕೊಂಡು, ಸರಿ ಹಾಗಾದ್ರೆ ಎಂದು ಮತ್ತೆ ಕೆಳಗೆ ಜಾರಿದ, ಫೋನು ಹೊಡೆದುಕೊಂಡಿತು, ಅವನೇ, ಗಂಡ, ಆಯ್ತೇನೇ? ಹಿಂದಿನ ಲಾಕರ್ ತೆಗೆಸ್ತಾ ಇದೀನಿ, ಎಂದೆ, ರೀ ಎನ್ನಲಿಲ್ಲ, ಬಾಯಿಗೆ ಬರಲಿಲ್ಲ. ಈಗ ಹೇಳುತ್ತಾನೆ, ತಪ್ಪಾಯ್ತು ಎನ್ನುತ್ತಾನೆ, ಅಥವಾ ಪುಟ್ಟಿಗೆ ಹೇಳ್ಬೇಡ ಎಂದಾದರೂ, ಅದಾದರೂ ಮನುಷ್ಯನ ಮಾತು — ಹುಷಾರಾಗಿ ತೆಗೆಯೋಕೆ ಹೇಳು ಕಣೇ, ಗೀರು ಬೀಳ್ಬಾರ್ದು, ಸುಲಭಕ್ಕೆ ಸಿಗಲ್ಲ ಅದು, ಎಂದ.

ಫೋನು ಇಟ್ಟೆ. ಸಂಜೆ ಪುಟ್ಟಿ ವ್ಯಾನಿನಿಂದ ಇಳಿಯುತ್ತಲೇ ಹೇಳಬೇಕು, ಅತ್ತೆಯ ಎದುರಿಗೇ, ಕೈ ಹಿಡಿದುಕೊಂಡು, ಪುಟ್ಟಿ, ಅದು ಅಮ್ಮನ ಡ್ರೈವಿಂಗ್ ಅಲ್ಲ ಕಂದ, ಅಮ್ಮಂಗೆ ಗೊತ್ತಿಲ್ಲದ ಹಾಗೆ ಅಪ್ಪ ಗಾಡಿಯೊಳಗೆ ಒಂದು ಸಾಮಾನು ಹಾಕ್ಸಿದ್ರು, ಹೇಳಿದರೆ ಅವಳಿಗೆ ಅಪ್ಪ ಹೋಗುತ್ತಾನೆ, ಹೇಳದಿದ್ದರೆ ಅಮ್ಮ ಹೋಗಿಯಾಗಿದೆ, ಹೇಳುತ್ತೇನೆ, ಹೇಗೆ ಶುರು ಮಾಡಲಿ, ಅವಳು ಕೇಳುತ್ತಾಳೆ, ಅಪ್ಪಂಗೆ ಗೊತ್ತಿತ್ತಾ, ಆಗ, ಚಿತ್ರ ಬಿಡಿಸಿದಾಗ — ಚಿತ್ರ, ಮೊದಲು ಬಾನೆಟ್ಟು, ಆಮೇಲೆ ಕಿಟಕಿ, ಪುಟ್ಟಿ ಅಲುಗಾಡಬೇಡ ಎನ್ನುತ್ತ, ನಾಲಿಗೆಯ ತುದಿ ಹಲ್ಲಿನ ನಡುವೆ, ಕೊನೆಗೆ ಹಿಂದಿನ ಗಾಲಿಗೆ ಬಂದ, ಅದನ್ನು ಒಂದು ಸಲ ಸುತ್ತಿದ, ಸರಿ ಬರಲಿಲ್ಲವೆಂದು ಮತ್ತೆ ಸುತ್ತಿದ, ಕಪ್ಪು ಶಾಯಿ ಹಸಿ ಪ್ಲಾಸ್ಟರಿನೊಳಗೆ ಹರಡುತ್ತಿತ್ತು, ಆ ಗಾಲಿಯನ್ನು, ಅದೇ ಗಾಲಿಯನ್ನು, ಗುಂಡಗೆ, ಇನ್ನಷ್ಟು ಗುಂಡಗೆ, ನಾಲಿಗೆಯ ತುದಿ ಕಚ್ಚಿಕೊಂಡು