ಸೀನಿಗೆ ಹೆದರಿದವಳು

ಬೇಕರಿಯಲ್ಲಿ ಹಿಟ್ಟು ನಾದುವವಳಿಗೆ ಸೀನು ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಎರಡನೇ ಹೆರಿಗೆಯಾದ ಮೇಲೆ ಸೀನಿದರೆ, ಕೆಮ್ಮಿದರೆ, ಮೂಟೆ ಎತ್ತಿದರೆ ಮೂತ್ರ ಸೋರಿ ಬಟ್ಟೆ ಒದ್ದೆಯಾಗುತ್ತಿತ್ತು. ನಗುವುದನ್ನೂ ಬಿಟ್ಟಿದ್ದಳು.

ಒಂದು ದಿನ ಹಿಟ್ಟಿನ ಧೂಳಿಗೆ ಜೋರಾಗಿ ಸೀನಿದಳು, ಬಟ್ಟೆ ಒದ್ದೆಯಾಯಿತು. ಪಕ್ಕದಲ್ಲಿ ಬ್ರೆಡ್ ಕತ್ತರಿಸುತ್ತಿದ್ದವನು ಮೂಗು ಮುಚ್ಚಿಕೊಂಡು, "ಮಕ್ಕಳಿಗೆ ಕಟ್ಟೋ ಬಟ್ಟೆ ನಿನಗೂ ಬೇಕೇನಮ್ಮಾ?" ಎಂದ. ಕೈಯಲ್ಲಿದ್ದ ಹಿಟ್ಟನ್ನು ಮೇಜಿಗೆ ಅಪ್ಪಳಿಸಿ ಮನೆಗೆ ಬಂದುಬಿಟ್ಟಳು.

ಅತ್ತೆಗೆ ಹೇಳಿಕೊಂಡರೆ, "ಹೆತ್ತವರಿಗೆಲ್ಲ ಇದ್ದದ್ದೇ ಬಿಡು. ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡು ಅನುಭವಿಸ್ತಿಲ್ವಾ?" ಎಂದರು.

"ನೀವೆಲ್ಲ ಬಾಯಿ ಮುಚ್ಕೊಂಡಿದ್ದಕ್ಕೇ ನನಗೆ ಈ ಗತಿ!" ಸೊಸೆ ಸಿಡಿದಳು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಪಕ್ಕದ ಮನೆಯ ಅಕ್ಕ ಕೂಗಾಟ ಕೇಳಿ ಒಳಗೆ ಬಂದಳು. "ಡಾಕ್ಟರಿಗೆ ತೋರಿಸಿದ್ಯಾ?"

"ತೋರಿಸಿದೆ. ಮೂತ್ರ ತಡೆಯೋ ಕೆಳಗಿನ ಸ್ನಾಯುನ ಬಿಗಿ ಹಿಡಿದು, ಆಮೇಲೆ ಸಡಿಲ ಬಿಡು ಅಂದ್ರು. ಮಾಡಿ ಮಾಡಿ ಸಾಕಾಯ್ತು."

"ಸರಿಯಾಗಿ ಹಿಡೀತಿದ್ದೀಯಾ ಅಂತ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಅವಳ ಸಿಟ್ಟು ಇನ್ನಷ್ಟು ಏರಿತು.

ಮಾರನೇ ದಿನ ಆಸ್ಪತ್ರೆಯ ಕೋಣೆಯಲ್ಲಿ ಪರದೆ ಎಳೆದು, ಅವಳ ಒಪ್ಪಿಗೆ ಕೇಳಿ, ಅಕ್ಕ ಆ ಸ್ನಾಯುವಿನ ಹತ್ತಿರ ಮತ್ತು ಹೊಟ್ಟೆಯ ಮೇಲೆ ಸಣ್ಣ ಅಂಟುಪಟ್ಟಿಗಳನ್ನು ಹಚ್ಚಿದಳು. ಅವುಗಳ ವೈರು ಕಂಪ್ಯೂಟರಿಗೆ ಹೋಗಿತ್ತು. ಅದರಲ್ಲಿ ಎರಡು ಗೆರೆ ಓಡುತ್ತಿದ್ದವು, ಒಂದು ಹೊಟ್ಟೆಯದು, ಇನ್ನೊಂದು ಆ ಸ್ನಾಯುವಿನದು.

"ಶಾಕ್ ಗೀಕ್ ಹೊಡೆದೀತು!" ಜೊತೆಗೆ ಬಂದಿದ್ದ ಅತ್ತೆ ಪರದೆಯಾಚೆಯಿಂದ ಕೂಗಿದರು.

"ಇಲ್ಲಮ್ಮಾ. ಯಾವ ಸ್ನಾಯು ಎಷ್ಟು ಕೆಲಸ ಮಾಡ್ತಿದೆ ಅಂತ ತೋರಿಸುತ್ತೆ, ಅಷ್ಟೇ. ಇದಕ್ಕೆ ಬಯೋಫೀಡ್‌ಬ್ಯಾಕ್ ಅಂತಾರೆ."

ಅವಳು ಬಿಗಿ ಹಿಡಿದಳು. ಹೊಟ್ಟೆಯ ಗೆರೆ ಚಂಗನೆ ಮೇಲೆ ಹಾರಿತು. ಬೇಕಾದ ಗೆರೆ ಅಲ್ಲಾಡಲಿಲ್ಲ.

"ಅಂದ್ರೆ ಇಷ್ಟು ದಿನ ಬರೀ ಹೊಟ್ಟೆ ಬಿಗಿದು ಸತ್ತೆನಾ?"

"ಬೈಯೋದು ಆಮೇಲೆ. ಉಸಿರು ಕಟ್ಟಬೇಡ. ಹಿಂದಿನಿಂದ ಗಾಳಿ ಹೋಗದ ಹಾಗೆ ತಡೀತೀವಲ್ಲ, ಹಾಗೆ ಒಳಗೆ ಎಳ್ಕೋ."

ಗೆರೆ ಮೆಲ್ಲಗೆ ಎದ್ದಿತು. "ಈಗ ಸಡಿಲ ಬಿಡು." ಇಳಿಯಿತು. ತನ್ನ ಮೈ ತನ್ನ ಮಾತು ಕೇಳುವುದನ್ನು ಅವಳು ಕಣ್ಣಾರೆ ಕಂಡಳು.

ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ವಾರ ವಾರ ಹೋದಳು, ಮನೆಯಲ್ಲೂ ಬಿಡದೆ ಅಭ್ಯಾಸ ಮಾಡಿದಳು. ಕೆಲವು ತಿಂಗಳಲ್ಲಿ ಸೋರುವುದು ತೀರಾ ಕಡಿಮೆಯಾಯಿತು. ಮೂಟೆ ಎತ್ತಿದರೂ ಬಟ್ಟೆ ಒದ್ದೆಯಾಗುತ್ತಿರಲಿಲ್ಲ.

ಅದನ್ನು ಕೇಳಿ ಅತ್ತೆಯ ಮುಖ ಕೆಂಪಾಯಿತು. "ಇದಕ್ಕೇ ಹೆದರಿ ಒಡಹುಟ್ಟಿದ ತಂಗಿ ಮದುವೆಗೂ ಹೋಗದೆ ಮನೇಲಿ ಕೂತಿದ್ದೆನಲ್ಲೇ! ಆಗ ಒಬ್ಬರಾದ್ರೂ ಹೇಳಬಾರದಿತ್ತಾ? ನಡಿ, ನನಗೂ ತೋರಿಸು."

ಅಕ್ಕಂದಿರೇ, ಅಮ್ಮಂದಿರೇ, ಇದು ಎಷ್ಟೋ ಮಂದಿಗೆ ಆಗುವ ತೊಂದರೆ. ಹಾಗೆಂದು ಸಹಿಸಿಕೊಂಡೇ ಇರಬೇಕಿಲ್ಲ. ವೈದ್ಯರ ಹತ್ತಿರ ಹೋಗಿ. "ಸರಿಯಾದ ಸ್ನಾಯು ಯಾವುದು, ತೋರಿಸಿಕೊಡಿ" ಎಂದು ಬಾಯಿಬಿಟ್ಟು ಕೇಳಿ. ಸುಮ್ಮನಿರು ಎಂದವರ ಮೇಲೆ ಸಿಟ್ಟು ಬಂದರೆ ಬರಲಿ. ಆ ಸಿಟ್ಟಿನಲ್ಲೇ ಎದ್ದು ಹೊರಡಿ.