ಕಾಸ್ಟಿಕ್ ಸೋಡಾ ಮತ್ತು ಅಂಬಿಕಾಳ ಎಡಗಣ್ಣು

ಬಂದರು ಪಟ್ಟಣದ ಗುಡ್ಡದ ಬಡಾವಣೆ ಮಂಗೋರ್ ಹಿಲ್‌ನ ಒಂದೇ ಕೋಣೆಯ ಮನೆಗಳಲ್ಲಿ ಅಡುಗೆಗೂ ಓದಿಗೂ ಜಾಗ ಒಂದೇ. ಬಂದರಿನಲ್ಲಿ ಕೂಲಿ ಮಾಡುವ ಗಂಗಪ್ಪನ ಮಗಳು ಅಂಬಿಕಾ ಕಾಲೇಜಿನಲ್ಲಿ ವಿಜ್ಞಾನ ಓದುತ್ತಾಳೆ. ದಾಸವಾಳದ ರಸಕ್ಕೆ ನಿಂಬೆಹುಳಿ ಹಿಂಡಿ ಬಣ್ಣ ಬದಲಿಸುವುದು, ಉಪ್ಪಿನ ಹರಳು ಬೆಳೆಸುವುದು, ಎಲ್ಲವೂ ಒಲೆಕಟ್ಟೆಯ ಮೇಲೇ. ಈಚೆಗೆ ಸಾಬೂನು ಮಾಡಲು ಕಲಿತಿದ್ದಳು. ಅದಕ್ಕೆ ಕಾಸ್ಟಿಕ್ ಸೋಡಾ ಬೇಕು. ಅದು ಚರ್ಮ, ಕಣ್ಣು ಸುಡುವ ವಸ್ತು.

ಕೆಳಗಿನ ಮನೆಯ ಜೈನಬ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಒಮ್ಮೆ ಅಂಬಿಕಾ ಸಾಬೂನು ಮಾಡುತ್ತಿದ್ದಾಗ ಅವರು ಇಣುಕಿ ನೋಡಿದರು.

"ಕಣ್ಣಿಗೆ ಏನೂ ಹಾಕ್ಕೊಂಡಿಲ್ಲಲ್ಲ ತಂಗಿ?"

"ನಾಕೈದು ಸಲ ಮಾಡೇನ್ರಿ ಟೀಚರ್. ಕೈ ಕುಂತೈತಿ. ಏನೂ ಆಗಂಗಿಲ್ರಿ."

"ಕೈ ಕುಂತ ಮ್ಯಾಲೇ ಲಕ್ಷ್ಯ ತಪ್ಪತೈತಿ," ಎಂದು ಹೇಳಿ ಹೋದರು.

ಆ ಭಾನುವಾರ ಅಂಬಿಕಾಗೆ ನಿದ್ದೆ ಸಾಲದಾಗಿತ್ತು. ಹಿಂದಿನ ದಿನ ಹತ್ತಿರದ ಬೈನಾ ಬಡಾವಣೆಯಲ್ಲಿ ನೆಂಟರ ಮದುವೆ. ಆದರೂ ಮಧ್ಯಾಹ್ನ ಸಾಬೂನಿಗೆ ಕುಳಿತಳು. ಅಷ್ಟರಲ್ಲಿ ಗೆಳತಿಯ ಫೋನ್ ಬಂತು. ಫೋನನ್ನು ಭುಜಕ್ಕೆ ಒತ್ತಿಕೊಂಡು ಮಾತಾಡುತ್ತಲೇ ಪಾತ್ರೆಗೆ ಸೋಡಾ ಸುರಿದಳು, ಅದರ ಮೇಲೆ ನೀರು ಹೊಯ್ದಳು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರಲ್ಲ. ಪಾತ್ರೆ ಭುಸ್ಸೆಂದು ಉಕ್ಕಿ, ಹನಿಗಳು ಎಡಗಣ್ಣಿಗೆ ಸಿಡಿದವು.

"ಅವ್ವಾ, ಕಣ್ಣು!"

ತಾಯಿ ಭಾಗವ್ವ ಹರಳೆಣ್ಣೆ ಹಿಡಿದು ಓಡಿಬಂದಳು. "ಮುಖ ಎತ್ತ, ಎರಡು ಹನಿ ಬಿಡ್ತೇನಿ. ತಂಪ ಆಕ್ಕೈತಿ."

ಕೂಗು ಕೇಳಿ ಜೈನಬ ಮೇಲೆ ಬಂದಿದ್ದರು. "ಬ್ಯಾಡ ಭಾಗಕ್ಕ! ಎಣ್ಣಿನೂ ಬ್ಯಾಡ, ನಿಂಬಿಹುಳಿನೂ ಬ್ಯಾಡ. ಬರೇ ನೀರು. ಕುಡಿಯೂ ನೀರಿನ ಡ್ರಮ್ ತೆಗೀರಿ."

ಬಚ್ಚಲಲ್ಲಿ ಅಂಬಿಕಾಳ ತಲೆ ಓರೆ ಮಾಡಿ, ರೆಪ್ಪೆ ಬಿಡಿಸಿ ಹಿಡಿದು ನೀರು ಸುರಿಯತೊಡಗಿದರು. ಹುಡುಗಿ ಕಿರುಚುತ್ತಿದ್ದಳು. ಗಂಗಪ್ಪ ಬಾಗಿಲಿಗೆ ಬಂದ.

"ರಿಕ್ಷಾ ಬಂತ್ರಿ ಟೀಚರ್, ನಡೀರಿ ಲಗೂನ!"

"ಮೊದಲ ತೊಳಿಯೂದು, ಗಂಗಪ್ಪಣ್ಣ. ಇಪ್ಪತ್ತು ನಿಮಿಷ ಆಗಲಿ. ಆ ಸೋಡಾದ ಪ್ಯಾಕೆಟ್ ತಗೋರಿ, ಡಾಕ್ಟರಿಗೆ ತೋರಿಸಬೇಕು."

ಆಮೇಲೆ ರಿಕ್ಷಾದಲ್ಲೂ ನೀರು ಹಾಕುತ್ತಲೇ ಹೋದರು. ತಕ್ಷಣ ತೊಳೆದದ್ದರಿಂದ ದೃಷ್ಟಿ ಉಳಿಯಿತು ಎಂದರು ವೈದ್ಯರು. ಆದರೂ ಆ ಕಣ್ಣಿನ ಒಂದು ಅಂಚು ಇಂದಿಗೂ ಮಂಜು.

ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗಂಗಪ್ಪ ಗುಡುಗಿದ: "ಇನ್ನ ಈ ಮನ್ಯಾಗ ಈ ಆಟ ಬಂದ್!"

"ಆಟ ಅಂದ್ಕೊಂಡಿದ್ದಕ್ಕ ಹಿಂಗಾತ್ರಿ," ಎಂದರು ಜೈನಬ. "ಕಲಿಯೂದು ಬಿಡಸಬ್ಯಾಡ್ರಿ. ಕಾಸ್ಟಿಕ್ಕು, ಆಸಿಡ್ಡು ಕಾಲೇಜಿನ ಲ್ಯಾಬಿನ್ಯಾಗ, ಸರ್ ಮುಂದ ಇರ್ಲಿ. ಮನ್ಯಾಗ ದಾಸವಾಳ, ಉಪ್ಪು ಸಾಕು."

ಗಂಗಪ್ಪ ಮಗಳನ್ನು ನೋಡಿದ. "ನೀ ಏನಂತಿ?"

"ಗೊತ್ತಿಲ್ದ ಮಾಡ್ಲಿಲ್ಲಪ್ಪ. ಗೊತ್ತಿತ್ತು. ಲಕ್ಷ್ಯ ಫೋನಿನ್ಯಾಗಿತ್ತು."

ಗಂಗಪ್ಪ ಮತ್ತೆ ಬೈಯಲಿಲ್ಲ. "ಆತು, ಟೀಚರ್ ಹೇಳಿದಂಗ ಮಾಡು," ಎಂದ.

ಮನೆಯಲ್ಲಿ ಪ್ರಯೋಗ ಮಾಡುವ ಅಣ್ಣ, ತಂಗಿ, ನಿಮಗೂ ಇದೇ ಮಾತು. ನಿದ್ದೆಗಣ್ಣಲ್ಲಿ, ಫೋನ್ ಹಿಡಿದು, ಒಬ್ಬರೇ ಇರುವಾಗ ಬೇಡ. ಕಣ್ಣಿಗೆ ಸುರಕ್ಷತಾ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಸಂಡಾಸು ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ವಿಷಗಾಳಿ ಏಳುತ್ತದೆ, ಎಂದೂ ಬೆರೆಸಬೇಡಿ. ಯಾವ ರಾಸಾಯನಿಕವನ್ನೂ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ. ಕಣ್ಣಿಗೆ ಸಿಡಿದರೆ ಮೊದಲು ನೀರು, ಧಾರಾಳವಾಗಿ ನೀರು, ಆಮೇಲೆ ಆಸ್ಪತ್ರೆ. ಪ್ರಯೋಗ ಕೆಟ್ಟರೆ ನಾಳೆ ಮತ್ತೆ ಮಾಡಬಹುದು. ಕಣ್ಣು ಹಾಗಲ್ಲ.